ರಾಜಪಾರ್ಟಿಗೊಂದು ಲೆನ್ಸ್

೪ ಫೆಬ್ರವರಿ, ಮಧ್ಯಾಹ್ನ

ಲೆನ್ಸುಗಳ ಮತ್ತೆ ಮೂರು ರಿವ್ಯೂ ನೋಡಿದೆ. ಸ್ಟುಡಿಯೋಗೆ ಬಂದವರು ಇಬ್ಬರೇ, ಪಾಸ್‌ಪೋರ್ಟ್ ಸೈಜಿಗೆ. ಮುಹೂರ್ತವಿಲ್ಲದ ವಾರ ಶ್ರೀನಿವಾಸಪುರದಲ್ಲಿ ಹೀಗೇ. ಒರಿಜಿನಲ್ ಕಂಪನಿಯ ಲೆನ್ಸಿನ ಬೆಲೆ ನೋಡಿ ಪೇಜ್ ಮುಚ್ಚಿದೆ. ನನ್ನ ಹಳೆಯ ಜೂಮ್‌ಗೆ ಕತ್ತಲಲ್ಲಿ ಕಣ್ಣೇ ಕಾಣದು. ಫ್ಲ್ಯಾಶ್ ಹಾಕಿದರೆ ಚಿಕ್ಕಪ್ಪನ ಮುಖ ಸುಣ್ಣ ಬಳಿದ ಗೋಡೆ, ಹಿಂದೆಲ್ಲ ಕಪ್ಪು. ಹದಿನೈದು ವರ್ಷ ನಾಟಕಗಳಲ್ಲಿ ಅವರ ರಾಜಪಾರ್ಟಿನ ಫೋಟೋಗಳನ್ನು ಹಾಗೇ ಕೆಡಿಸಿದ್ದೇನೆ.

ಈ ಸಲ ಕೆಡಿಸುವಂತಿಲ್ಲ. ೨೨ಕ್ಕೆ ಕೋಲಾರದ ರಂಗಮಂದಿರದಲ್ಲಿ ನಾಟಕ. ೨೬ಕ್ಕೆ ಚಿಕ್ಕಪ್ಪನಿಗೆ ಆಪರೇಷನ್. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಡಾಕ್ಟರು ಬೈದರೂ ಹಾಡಿಯೇ ತೀರುತ್ತೇನೆ ಎನ್ನುತ್ತಾರೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು. ಅವರ ಕೊನೆಯ ರಾಜ... ಒಂದೇ ಒಂದು ಒಳ್ಳೆಯ ಫೋಟೋ ಬೇಕು.

೯ ಫೆಬ್ರವರಿ

ಕೋಲಾರದಲ್ಲಿ ಕ್ಯಾಮೆರಾ ರಿಪೇರಿಯ ನಬೀ ಸಾಬ್‌ರನ್ನು ಕಂಡೆ. ಸ್ಟೆಬಿಲೈಸೇಶನ್ ಇರುವುದೇ ಬೇಕು ಎಂದೆ. ನಕ್ಕರು.

“ಅದು ನಿನ್ನ ಕೈ ನಡುಗೋದನ್ನ ನಿಲ್ಲಿಸ್ತದೆ ಕಣಪ್ಪಾ. ಸ್ಟೇಜ್ ಮೇಲೆ ಕುಣಿಯೋರನ್ನ ನಿಲ್ಲಿಸ್ತದಾ? ಬೆಳಕಿಗೆ ಅಗಲವಾಗಿ ತೆರೆಯೋ ೨.೮ ಲೆನ್ಸ್ ಇದ್ರೆ ಸಾಕು. ಶಟರ್ ಸ್ಪೀಡ್ ಜಾಸ್ತಿ ಇಡು, ಐಎಸ್ಒ ಏರಿ ಫೋಟೋ ಸ್ವಲ್ಪ ಕಾಳುಕಾಳಾದ್ರೆ ಆಗಲಿ.”

೨೮–೭೫ರ ಒಂದು ಜೂಮ್ ಲೆನ್ಸ್ ತೋರಿಸಿದರು. ಬೇರೆ ಕಂಪನಿಯದು, ಸೆಕೆಂಡ್ ಹ್ಯಾಂಡ್. ಎಷ್ಟು ಎಳೆದರೂ ೨.೮ರ ಬೆಳಕು ಕಡಿಮೆಯಾಗದು. ಅಂಗಡಿ ಬಾಗಿಲು ಅರ್ಧ ಇಳಿಸಿ, ಲೈಟ್ ಆರಿಸಿ ಅವರ ಮುಖ ತೆಗೆದೆ. ಗಡ್ಡದ ಕೂದಲು ಒಂದೊಂದೂ ಬಂದಿದೆ. ಕೊಂಡುಬಿಟ್ಟೆ.

೨೩ ಫೆಬ್ರವರಿ, ಬೆಳಗ್ಗೆ

ನಿನ್ನೆ ಸಂಜೆ ನಾಟಕ ಆಯಿತು. ಬರೆಯಲು ಮನಸ್ಸಿಲ್ಲ. ಆದರೂ...

ನಮ್ಮ ಕಡೆ ಪಾರ್ಟು ಮಾಡುವವರಿಗೆಲ್ಲ ಒಂದು ರೂಢಿ. ಹಾಡಿನ ನಡುವೆ ಕತ್ತಿ ಎತ್ತಿ ಫೋಟೋಗೆ ನಿಲ್ಲುತ್ತಾರೆ. ಫ್ಲ್ಯಾಶ್ ಮಿಂಚಿದ ಮೇಲೇ ಮುಂದಿನ ಸಾಲು. ಹಾರ್ಮೋನಿಯಂ ಮೇಷ್ಟ್ರೂ ಕಾಯುತ್ತಾರೆ.

ಚಿಕ್ಕಪ್ಪ ನಿಂತರು. ಎಂಟು ಫ್ರೇಮ್ ತೆಗೆದೆ. ಎಲ್ಲ ಚೊಕ್ಕ. ಖುಷಿಯಲ್ಲಿ ಸ್ಕ್ರೀನ್ ನೋಡುತ್ತ ಕೂತೆ. ತಲೆ ಎತ್ತಿದರೆ — ನಿಂತೇ ಇದ್ದಾರೆ. ನನ್ನ ಕಡೆಗೇ ನೋಡುತ್ತ.

ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೂಗಿದ. “ಚಾಲು ಸಾಮಿ, ಇಂಕ ದಿಗು!” ಸಾಕು, ಇಳಿ ಎಂದು. ಜನ ಗೊಳ್ಳೆಂದು ನಕ್ಕರು. ಚಿಕ್ಕಪ್ಪ ಗಾಬರಿಯಿಂದ ಹಾಡು ಎತ್ತಿಕೊಂಡರು. ದನಿ ಒಡೆಯಿತು. ಆಮೇಲೆ ಸರಿಹೋಗಲೇ ಇಲ್ಲ.

ಫ್ಲ್ಯಾಶ್ ಹಾಕುವುದಿಲ್ಲ ಎಂದು ನಾಟಕ ಸಂಘದವರಿಗೆ ಹೇಳಿದ್ದೆ. ಲೈಟಿನವನಿಗೆ ಹೇಳಿದ್ದೆ. ಮಿಂಚಿಗೆ ಕಾಯುವ ಚಿಕ್ಕಪ್ಪನಿಗೇ ಹೇಳಿರಲಿಲ್ಲ. ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ.

ನಾಟಕ ಮುಗಿದ ಮೇಲೆ ಅಂಟಿಸಿದ್ದ ಮೀಸೆ ಕೀಳುತ್ತ ಚಿಕ್ಕಪ್ಪ ಕೇಳಿದರು, “ಕ್ಯಾಮೆರಾ ಕೆಟ್ಟೋಯ್ತೇನ್ಲಾ ಶಿವ?”

“ಇಲ್ಲ ಚಿಕ್ಕಪ್ಪ. ಈ ಲೆನ್ಸಿಗೆ ಫ್ಲ್ಯಾಶ್ ಬೇಡ.”

“ಓ... ಒಂದ್ ಮಾತು ಹೇಳ್ಬಾರ್ದಿತ್ತಾ?”

ಅಷ್ಟೇ ಅಂದದ್ದು. ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

೧೭ ಮಾರ್ಚ್

ಚಿಕ್ಕಪ್ಪ ಆಸ್ಪತ್ರೆಯಿಂದ ಯಲ್ದೂರಿನ ಮನೆಗೆ ಬಂದಿದ್ದಾರೆ. ಉಸಿರಾಡಲು ಕತ್ತಿನಲ್ಲಿ ತೂತು. ಮಾತಿಲ್ಲ. ಕೈಯಲ್ಲಿ ಸ್ಲೇಟು.

ದೊಡ್ಡ ಪ್ರಿಂಟ್ ಹಾಕಿಸಿ ಒಯ್ದೆ. “ಎಷ್ಟ್ ಚೆನ್ನಾಗ್ ಬಂದವ್ರೆ ನೋಡೋ,” ಎಂದು ಗಂಗಾಲಕ್ಷ್ಮಿ ಚಿಕ್ಕಮ್ಮ ಅತ್ತರು. ಚಿಕ್ಕಪ್ಪ ನೋಡಿದರು. ಪಕ್ಕಕ್ಕಿಟ್ಟರು. ಸ್ಲೇಟಿನಲ್ಲಿ ಬರೆದರು — ಹಾಡಿದ್ದು ಇದೆಯಾ?

ಕ್ಯಾಮೆರಾದಲ್ಲಿ ವಿಡಿಯೋ ಬಟನ್ ಇದೆ. ಒತ್ತಲಿಲ್ಲ. ಹೋಗುವುದು ದನಿ ಎಂದು ಗೊತ್ತಿತ್ತು. ನಾನು ಹುಡುಕಿದ್ದು ಲೆನ್ಸು. ವಿಚಾರಿಸುತ್ತೇನೆ ಎಂದು ತಲೆ ತಗ್ಗಿಸಿ ಎದ್ದು ಬಂದೆ.

೨೦ ಮಾರ್ಚ್, ಸಂಜೆ ೪

ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದೆ. ಅಷ್ಟು ಜನರ ಫೋನುಗಳಿಂದ ಒಂದೇ ಕ್ಲಿಪ್ ಬಂತು. ನಲವತ್ತು ಸೆಕೆಂಡು. ಕತ್ತಿ ಎತ್ತಿ ಕಾಯುತ್ತಿದ್ದಾರೆ. ನಗು. ಒಡೆದ ದನಿ. ಕೆಳಗೆ ಯಾರೋ ನಗುವ ಇಮೋಜಿ ಹಾಕಿದ್ದಾರೆ. ಹಾಳಾದವರು.

ಚಿಕ್ಕಮ್ಮನ ಫೋನ್. “ಸಿಕ್ತೇನೋ ಹಾಡು? ಬೆಳಗ್ಗಿಂದ ಬಾಗ್ಲ ಕಡೇನೇ ನೋಡ್ತಾವ್ರೆ ಕಣೋ.”

ಸಿಕ್ಕಿದೆ ಎಂದುಬಿಟ್ಟೆ. ಯಾಕೆ ಅಂದೆನೋ.

ಕಂಪ್ಯೂಟರಿಗೆ ಹಾಕಿದ್ದೇನೆ. ನಗುವನ್ನೆಲ್ಲ ಕತ್ತರಿಸಿದರೆ ಉಳಿಯುವುದು ಹನ್ನೊಂದು ಸೆಕೆಂಡು. ಅದರಲ್ಲೂ ಅವರು ಹಾಡುವುದು ಒಂದೇ ಸಾಲು, ಅದೂ ಆ ಒಡೆದ ದನಿಯಲ್ಲಿ.