ಕಪಾಟಿನ ಹಿಂದಿನ ಗೋಡೆ

ಪ್ರೀತಿಯ ಭಾವ,

ಗೆದ್ದಿರಿ ಮಾರಾಯ್ರೆ, ಗೆದ್ದೇಬಿಟ್ಟಿರಿ! ತೀರಿಕೊಂಡು ನಾಲ್ಕು ವರ್ಷ ಆದ ಮೇಲೆ ಗೆದ್ದಿರಿ. ಇಲ್ಲಿ ಬಹ್ರೇನಿನಲ್ಲಿ, ಮನಾಮಾದ ನಮ್ಮ ಆ ಹಳೇ ಚರ್ಚನ್ನು ಕೆಡವುವುದಿಲ್ಲ. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದ್ದಾರೆ. ಯಾರಿಂದಾಗಿ ಗೊತ್ತುಂಟಾ?

ನೆನಪುಂಟಾ, ನಾವಿಬ್ಬರೂ ಅಲ್ಲಿ ಗಾರೆ ಕೆಲಸಕ್ಕೆ ಹೋದ ಮೊದಲ ದಿನ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರು ನೀವೊಬ್ಬರೇ. ಗೋಡೆ ಮುಟ್ಟಿ ನೋಡಿ, "ಇದು ಸಮುದ್ರದ ಕಲ್ಲು. ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಆಗ್ಬೇಕು. ಗೋಡೆಗೆ ಉಸಿರಾಡ್ಲಿಕ್ಕೆ ಬಿಡ್ಬೇಕು" ಅಂದಿರಿ. "ಗೋಡೆಗೆ ಮೂಗುಂಟಾ ಭಾವ?" ಅಂತ ಕೇಳಿದವನು ನಾನೇ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಆ ಮಧ್ಯಾಹ್ನ. ನಾವೆಲ್ಲ ಊಟಕ್ಕೆ ಕೂತಿದ್ದಾಗ ನೀವು ಪಾದ್ರಿಗಳ ಕೋಣೆಯ ಕಪಾಟು ಸರಿಸಿ, ಬಕೆಟಿನಲ್ಲಿ ನೆನೆಹಾಕಿದ್ದ ಸುಣ್ಣ ತಂದು, ಅದರ ಹಿಂದಿನಷ್ಟು ಗೋಡೆಗೆ ಗಾರೆ ಮಾಡಿಬಿಟ್ಟಿದ್ದಿರಿ. ಫೋರ್‌ಮನ್ ನೋಡಿದ. "ಮುದುಕನಿಗೆ ತಲೆ ಕೆಟ್ಟಿದೆ" ಅಂತ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದ. ಕೆರೆದು ಸಿಮೆಂಟ್ ಹಾಕು ಅಂದ. ನೀವು ಆಯ್ತು ಅಂತ ತಲೆ ಅಲ್ಲಾಡಿಸಿ, ಅವನು ಆಚೆ ಹೋದ ಮೇಲೆ ಕಪಾಟನ್ನೇ ವಾಪಸ್ ದೂಡಿದಿರಿ. ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ಪರವಾಗಿ ಒಂದು ಮಾತು ಆಡಬಹುದಿತ್ತು. ಆದರೆ ಆಗಷ್ಟೇ ವೀಸಾ ಆಗಿತ್ತು, ಕೆಲಸ ಹೋದರೆ... ಬಿಡಿ, ಈಗ ಎಂತ ನೆಪ ಹೇಳುವುದು?

ಹೋದ ವರ್ಷ ಕಟ್ಟಡ ತಪಾಸಣೆಗೆ ಅಲ್ಲಿಗೆ ನನ್ನನ್ನು ಕರೆದರು. ನಾನೀಗ ಮೇಸ್ತ್ರಿ. ಅಂದು ನಾನೇ ಬಳಿದ ಸಿಮೆಂಟೆಲ್ಲ ಉಬ್ಬಿ ಉಪ್ಪು ಉದುರುತ್ತಿತ್ತು. ಕಲ್ಲೇ ಕೊಳೆತಿದೆ, ಕೆಡವುವುದೇ ಸರಿ ಅಂತ ಎಲ್ಲರ ಮಾತು. ತೀರ್ಮಾನ ಹೇಳಬೇಕಾದ ಬಹ್ರೇನಿ ಇಂಜಿನಿಯರಮ್ಮ ಫೈಲು ಮುಚ್ಚಿ ಹೊರಟೇಬಿಟ್ಟಿದ್ದರು. "ಮೇಡಂ, ಏಕ್ ಮಿನಿಟ್!" ಅಂತ ಓಡಿ ಹೋಗಿ ಆ ಕಪಾಟು ಸರಿಸಿದೆ.

ಏನು ಹೇಳಲಿ ಭಾವ! ನಿಮ್ಮ ಗಾರೆ ನಿನ್ನೆ ಮಾಡಿದ ಹಾಗಿತ್ತು. ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ. ಆಯಮ್ಮ ಅಂಗೈ ಇಟ್ಟು ನೋಡಿದರು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಿದರು. "ಕಲ್ಲಿಗೇನೂ ಆಗಿಲ್ಲ, ಹಾಳು ಮಾಡಿದ್ದು ಸಿಮೆಂಟು. ಖಲಾಸ್, ಎಲ್ಲ ಕಿತ್ತು ಇದೇ ಥರ ಮಾಡಿ" ಅಂದರು ಹಿಂದಿಯಲ್ಲಿ. ಇದು ಯಾರ ಕೆಲಸ ಅಂತ ಕೇಳಿದರು. "ನನ್ನ ಭಾವನದು. ಅವರನ್ನು ನೋಡಿ ನಕ್ಕವನು ನಾನು" ಅಂದೆ. ಎಲ್ಲರೆದುರೇ ಅಂದೆ, ಗಟ್ಟಿಯಾಗಿ.

ಇವತ್ತು ಕೊನೆಯ ಗೋಡೆಯೂ ಮುಗಿಯಿತು, ಪೂರ್ತಿ ಸುಣ್ಣ. ಕಪಾಟು ಎಲ್ಲಿಡೋಣ ಅಂತ ಪಾದ್ರಿಗಳು ಕೇಳಿದರು. ಎಲ್ಲಿ ಬೇಕಾದ್ರೂ ಇಡಿ, ಅಲ್ಲಿ ಮಾತ್ರ ಬೇಡ ಅಂದೆ.

ಮತ್ತೆ, ಶುಕ್ರವಾರ ಅಕ್ಕ ಬರ್ತಾಳೆ! ನಿಮ್ಮ ಹೆಂಡತಿಗೆ ಬಹ್ರೇನ್ ತೋರಿಸುವ ಆಸೆ ನಿಮಗೆ ಎಷ್ಟಿತ್ತು... ನಿಮಗೆ ಬೈಗುಳ ಬಿದ್ದದ್ದು ಅವಳಿಗೆ ಗೊತ್ತು. ನಾನು ಬಾಯಿ ಮುಚ್ಚಿ ನಿಂತದ್ದು ಗೊತ್ತಿಲ್ಲ. ಗುದೈಬಿಯಾದ ನನ್ನ ರೂಮಿಗೆ ಹೋಗುವ ಮೊದಲೇ ಅವಳನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು, ನಿಮ್ಮ ಗೋಡೆಯ ಎದುರು ನಿಲ್ಲಿಸಿ, ಅದನ್ನೂ ಹೇಳುತ್ತೇನೆ.

ನಿಮ್ಮ ಭಾವಮೈದ,
ಸದಾಶಿವ