ಫಕಾರದ ಸೊಸೆ

ಓವೆರ್ರಿಯ ಶುದ್ಧೋಚ್ಚಾರದ ಅತ್ತೆಯವರಿಗೆ, ಒನಿತ್ಶಾದಿಂದ ಫಕಾರದ ಸೊಸೆಯ ನಮಸ್ಕಾರಗಳು.

ಮಗಳಿಗೆ ನಾನಿಟ್ಟ ಹೆಸರು ಇಫೆಯಿನ್ವಾ, ಮಗುವಿಗೆ ಸಮನಾದದ್ದು ಬೇರೊಂದಿಲ್ಲ ಎಂದು ಅದರರ್ಥ. ನಿಮ್ಮೂರ ನಾಲಿಗೆಗೆ ‘ಫ’ ಒಗ್ಗದೆ ಅವಳು ಇಹೆಯಿನ್ವಾ ಆದಳು. ಅರ್ಥ ಒಂದೇ ತಾನೇ ಎಂದು ಸುಮ್ಮನಿದ್ದೆ.

ನನ್ನ ಬಟ್ಟೆ ಅಂಗಡಿ ನೆಲೆ ನಿಲ್ಲುವವರೆಗೆ, ಎರಡು ವರ್ಷ, ಅವಳನ್ನು ಸಾಕಿದಿರಿ. ಆ ಉಪಕಾರ ಮರೆಯಲಾರೆ. ನಿನ್ನೆ ಫೋನಿನಲ್ಲಿ “ಇಫೆಯಿನ್ವಾ” ಎಂದೆ.

“ಅಜ್ಜೀ, ಯಾರೋ ಒಲೆ ಊದ್ತಿದಾರೆ!” ಎಂದು ಕೂಗಿದಳು.

“ನಿಮ್ಮಮ್ಮ ಕಣೇ, ಆ ಕಡೆಯವರು ಮಾತಾಡೋದೇ ಹಂಗೆ” ಎಂದು ನೀವು ನಕ್ಕದ್ದೂ ಕೇಳಿಸಿತು.

ಶನಿವಾರ ಅವಳನ್ನು ಕರೆದೊಯ್ಯಲು ಬರುತ್ತೇನೆ. ಬಟ್ಟೆಬರೆ ಕಟ್ಟಿಡಿ. ಬಾಗಿಲಲ್ಲಿ ನಿಂತು ನನ್ನ ‘ಫ’ದಲ್ಲೇ ಕೂಗುತ್ತೇನೆ. ಅವಳು ಬಾರದಿದ್ದರೆ, ನಿಮ್ಮ ‘ಹ’ದಲ್ಲಿ ಕೂಗುತ್ತೇನೆ. ಆಗ ಮಾತ್ರ, ದಯವಿಟ್ಟು, ನನ್ನ ಉಚ್ಚಾರ ತಿದ್ದಬೇಡಿ.

ಇಂತು ನಿಮ್ಮ ಸೊಸೆ,
ಓಬಿಯಾಗೆಲಿ