ನಾಗವೇಣಿಯವರ ಸೌಟು, ನನ್ನ ಮೂಗು

ಸನ್ ೨೨೩೭, ಆಷಾಢದ ನಲವತ್ತೊಂದನೆಯ ದಿನ
ಗುಡ್ಡದಂಚಿನಹಳ್ಳಿ

ಸೌಭಾಗ್ಯವತಿ ನಾಗವೇಣಿಯವರಿಗೆ ಹೊನ್ನೂರಪ್ಪ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಮಳೆ ಬಂದು ಅಂಗಳ ತೊಳೆಯುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ, ಹೋದ ವರ್ಷ ಅರವತ್ತರವರೆಗೆ ಎಳೆದಿತ್ತು. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವನು. ಏಳನ್ನು ಎರಡು ಸಲ ಓದಿದ್ದರಿಂದ ಎಂಟು ಅಂತಲೇ ಹೇಳಿಕೊಳ್ಳುತ್ತೇನೆ.

ನಿಮ್ಮ ಪರಿಚಯ ನನಗಾದದ್ದು ಸೌಟಿನಿಂದ. ನಮ್ಮೂರ ಪಕ್ಕ ನಿಮ್ಮ ಕಾಲದವರು ಬಿಸಾಕಿದ ಕಸದ ಗುಡ್ಡವಿದೆ. ನಾವು ಅದನ್ನು ಹಿಂದಿನಗಣಿ ಅನ್ನುತ್ತೇವೆ, ಬೇಕಾದ್ದನ್ನೆಲ್ಲ ಅಲ್ಲಿಂದಲೇ ಅಗೆದು ತರುತ್ತೇವೆ. ಒಂದು ದಿನ ಸ್ಟೀಲಿನ ಸೌಟೊಂದು ಸಿಕ್ಕಿತು. ಅದರ ಹಿಡಿಯ ಮೇಲೆ ಚುಕ್ಕೆ ಚುಕ್ಕೆಯಾಗಿ, "ಚಿ. ಸೌ. ನಾಗವೇಣಿಗೆ, ಮದುವೆಯ ನೆನಪಿಗೆ, ಸೋದರತ್ತೆ ಕೆಂಚಮ್ಮ" ಅಂತ ಕೊರೆದಿತ್ತು. ನಿಮ್ಮ ಕಾಲದಲ್ಲಿ ನನಗೆ ಗೊತ್ತಿರುವ ಜನ ನೀವಿಬ್ಬರೇ. ಕೆಂಚಮ್ಮನವರು ವಯಸ್ಸಾದವರು, ತೊಂದರೆ ಕೊಡುವುದು ಬೇಡವೆಂದು ನಿಮಗೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹುಡುಗಿಗೆ ಹದಿನೆಂಟು ತುಂಬಿದರೆ ಊರಿನವರು ಅವಳ ಹೆಸರಿಗೆ ಒಂದು ತಾಕು ಬಿಟ್ಟುಕೊಡುತ್ತಾರೆ. ತಾಕು ಅಂದರೆ ನಾಲ್ಕು ಮಂಚ ಹಿಡಿಸುವಷ್ಟು ನೆಲ. ಅದಕ್ಕೆ ಬೇಕಾದ ಸಾಮಾನನ್ನು ಸೋದರಮಾವ ಗಣಿಯ ಮಾಲಿನಿಂದ ತನ್ನ ಕೈಯಾರೆ ಮಾಡಿಕೊಡಬೇಕು. ಮೂವತ್ತನೇ ದಿನ ಹಿರಿಯರು ಕೋಲು ಹಿಡಿದು ಬರುತ್ತಾರೆ. ಮೊಳಕ್ಕೊಂದು ಹಸಿರು ಇರದಿದ್ದರೆ ತಾಕು ಊರಿಗೆ ವಾಪಸ್, ಮತ್ತೆ ಕೇಳಲು ಏಳು ವರ್ಷ ಕಾಯಬೇಕು. ಈ ಸಲ ತಾಕು ಸಿಕ್ಕಿದ್ದು ನನ್ನ ತಂಗಿಯ ಮಗಳು ಮಲ್ಲವ್ವನಿಗೆ. ಮೆಣಸಿನ ಸಸಿಗಳನ್ನು ಅವಳು ಮೂರು ತಿಂಗಳಿಂದ ತೆಂಗಿನ ಚಿಪ್ಪುಗಳಲ್ಲಿ ಸಾಕಿಕೊಂಡಿದ್ದಳು.

ಸಾಮಾನು ಮಾಡುವುದರಲ್ಲಿ ಈ ಸುತ್ತಿನ ಏಳು ಹಳ್ಳಿಯಲ್ಲಿ ನನ್ನಂಥವನಿಲ್ಲ. ಇದು ಜಂಬವಲ್ಲ, ಎಂಟನೇ ಹಳ್ಳಿ ನಾನು ನೋಡಿಲ್ಲ, ಅದಕ್ಕೇ ಏಳು ಅಂದೆ. ನಿಮ್ಮ ಸೌಟಿನ ಬಾಯಿ ಬಡಿದು ಚೂಪು ಮಾಡಿದೆ, ಸಸಿ ನೆಡುವ ಕೈಗುದ್ದಲಿಯಾಯಿತು. ಮೂರು ಮುಳ್ಳುಚಮಚಗಳ ತುದಿ ಬಗ್ಗಿಸಿ ಒಂದೇ ಕೋಲಿಗೆ ಬಿಗಿದೆ, ಕಳೆ ಕೆರೆಯುವುದಕ್ಕೆ. ಎಣ್ಣೆಯ ಕ್ಯಾನಿನ ಹಿಡಿಯನ್ನು ಹಾಗೇ ಉಳಿಸಿ ತಳವನ್ನು ಓರೆಯಾಗಿ ಕತ್ತರಿಸಿದರೆ ಮಣ್ಣು ಮೊಗೆಯುವ ಮೊರ. ಇನ್ನೊಂದು ಬಿಳಿ ಕ್ಯಾನಿನ ಮುಚ್ಚಳಕ್ಕೆ ದಬ್ಬಣ ಕಾಸಿ ಇಪ್ಪತ್ತೊಂದು ತೂತು ಹಾಕಿದೆ. ಅದರಿಂದ ನೀರು ಬೀಳುವುದು ನೋಡಿದರೆ ನಿಜವಾದ ಮಳೆಗೆ ನಾಚಿಕೆಯಾಗಬೇಕು.

ಇಲ್ಲಿಯೇ ನಾನು ಎಡವಿದ್ದು. ಗಣಿಯಿಂದ ಬಂದ ಯಾವ ಕ್ಯಾನಿಗೂ ಹುರುಳಿ ನೋಡಬೇಕೆಂಬ ಪದ್ಧತಿ ನಮ್ಮಲ್ಲಿದೆ. ಅದರಲ್ಲಿ ಮೂರು ದಿನ ನೀರು ನಿಲ್ಲಿಸಿ, ಆ ನೀರಿನಲ್ಲಿ ಹುರುಳಿ ನೆನೆಹಾಕಬೇಕು. ಮೊಳಕೆ ಬಂದರೆ ಬಳಸಬಹುದು. ಮಲ್ಲವ್ವ ಒಂದು ಹಿಡಿ ಹುರುಳಿ ತಂದೂ ಕೊಟ್ಟಳು. ನನ್ನ ಮೂಗಿರುವಾಗ ಹುರುಳಿ ಯಾಕೆ ದಂಡ ಅಂತ ಜೇಬಿಗೆ ಹಾಕಿಕೊಂಡೆ, ಕ್ಯಾನನ್ನು ಒಮ್ಮೆ ಮೂಸಿದೆ, ಒಮ್ಮೆ ಕುಲುಕಿ ಚೆಲ್ಲಿದೆ, ಕೊಟ್ಟುಬಿಟ್ಟೆ. ಅದರಲ್ಲಿದ್ದದ್ದು ಕಳೆ ಸುಡುವ ಔಷಧಿ. ಚೀಟಿ ಯಾವತ್ತೋ ಮಣ್ಣಾಗಿತ್ತು, ತಳದಲ್ಲಿ ಅಂಟಿದ್ದದ್ದು ಮಾತ್ರ ಉಳಿದಿತ್ತು.

ಇಪ್ಪತ್ತನೇ ದಿನದ ಹೊತ್ತಿಗೆ ಸಸಿಗಳು ಹಳದಿಯಾಗಿ ಮಲಗಿದವು. ಮಲ್ಲವ್ವ ಅಳಲಿಲ್ಲ, ಕೂಗಾಡಲಿಲ್ಲ. ಬದುವಿನ ಮೇಲೆ ಕೂತು, "ಮಾವ, ನಿನ್ನ ಮೂಗು ಮೂರು ಸಸಿ ಉಳಿಸಿದೆ, ನೋಡು ಬಾ" ಅಂದಳು. ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ನನ್ನ ತಂಗಿಯನ್ನು ಕೇಳಿ, ಹುಟ್ಟಿದಾಗಿನಿಂದ ಹಾಗಾದದ್ದು ಅದೇ ಮೊದಲು.

ಆ ಮೇಲೆ ನಾವಿಬ್ಬರೂ ತಾಕಿನ ಮಣ್ಣನ್ನು ಒಂದು ಗೇಣು ಆಳ ತೆಗೆದೆವು. ಅಷ್ಟನ್ನೂ ಕೆದಕಿದ್ದು ನಿಮ್ಮ ಸೌಟು. ತೆಗೆದದ್ದನ್ನು ಊರಾಚೆ ಬಂಡೆಯ ಗುಂಡಿಗೆ ತುಂಬಿ, ಹಳ್ಳದ ದಂಡೆಯಿಂದ ಹೊಸ ಮಣ್ಣು ತಂದು ಸುರಿದೆವು. ಐದು ದಿನ ಹಿಡಿಯಿತು. ಮೆಣಸಿಗೆ ಕಾಲವಿರಲಿಲ್ಲ. ಆಗ ಜೇಬಿಗೆ ಕೈ ಹಾಕಿದರೆ ಅದೇ ಹಿಡಿ ಹುರುಳಿ. ಮೊಳಕ್ಕೊಂದರಂತೆ ಊರಿದೆವು, ಬಾಯಿ ಒಡೆದ ಮಡಕೆಯಿಂದ ನೀರು ಚಿಮುಕಿಸಿದೆವು. ನಾಲ್ಕನೇ ದಿನ ಎರಡೆರಡು ಎಲೆ ಮೇಲೆ ಬಂತು.

ನಿನ್ನೆ ಹಿರಿಯರು ಬಂದರು. ಗೌರಜ್ಜಿ ಕೋಲಿಟ್ಟು ಅಳೆದು, ಮೆಣಸಿನ ತಾಕು ಅಂದಿರಿ, ಇದು ದನದ ಮೇವಿನ ಹಾಗಿದೆಯಲ್ಲ ಅಂತ ಗೊಣಗಿದಳು. ಮಲ್ಲವ್ವ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು, ನನ್ನ ಮೂಗಿನ ಸಮೇತ. ಅಜ್ಜಿ ಕೊನೆಗೆ, "ಹುರುಳಿಯೂ ಹಸಿರೇ. ಇಟ್ಕೋ" ಅಂದಳು.

ಅಮ್ಮಾ ನಾಗವೇಣಿಯವರೇ, ನನ್ನದೊಂದೇ ಕೋರಿಕೆ. ಯಾರಿಗೂ ಕೇಡು ಮಾಡದ ಸೌಟು, ತಟ್ಟೆ, ಚೊಂಬಿನ ಮೇಲೆಲ್ಲ ನೀವು ಅಳಿಸದ ಹಾಗೆ ಹೆಸರು ಹಾಕಿಸಿದಿರಿ. ವಿಷದ ಡಬ್ಬಿಗೆ ಮಾತ್ರ ಕಾಗದ ಅಂಟಿಸಿ ಬಿಟ್ಟಿರಿ. ಬಿಸಾಕುವ ಮುಂಚೆ ಅದರ ಮೈಮೇಲೂ ಮೊಳೆಯಿಂದ ಎರಡಕ್ಷರ ಗೀಚಿ. ನಿಮ್ಮ ಓಣಿಯವರಿಗೂ ಹೇಳಿ.

ಈ ಕಾಗದವನ್ನು ಹಿಂದಿನಗಣಿಯ ತಳದಲ್ಲಿ ಹೂಳುತ್ತೇನೆ. ಕೆಳಗೆ ಹೋದಷ್ಟೂ ಹಿಂದಿನ ಕಾಲ ಅಂತ ಮೇಷ್ಟ್ರು ಹೇಳಿದ್ದರು, ಆದ್ದರಿಂದ ನಿಮಗೆ ಮುಟ್ಟಲೇಬೇಕು. ಸೌಟಿನ ಬಗ್ಗೆ ಬೇಸರ ಬೇಡ. ಬಡಿಯುವಾಗ ನಿಮ್ಮ ಹೆಸರಿನ ಮೇಲೆ ಒಂದು ಏಟೂ ಬೀಳದ ಹಾಗೆ ನೋಡಿಕೊಂಡಿದ್ದೇನೆ.

ಆ ಬಿಳಿ ಕ್ಯಾನನ್ನೂ ಇದರ ಜೊತೆಗೇ ಹೂಳುತ್ತೇನೆ. ಮಲ್ಲವ್ವ ಮೊಳೆ ಕೊಟ್ಟು, ಮುಂದೆ ನಿಂತು ನನ್ನ ಕೈಯಿಂದಲೇ ಅದರ ಮೇಲೆ ಬರೆಸಿದ್ದಾಳೆ: "ವಿಷ. ಹೊನ್ನೂರಪ್ಪ ಮೂಸಿ ನೋಡಿದ್ದಾನೆ, ನಂಬಬೇಡಿ."